ಬುತ್ತಿ, ಚಿಪ್ಪು, ಸೀಸೆ

ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು ಎಂದರೆ ಈಗಿನ ಓದುಗರಿಗೆ ಮೊದಲು ನೆನಪಾಗುವುದು ಹೇಮಾವತಿಯ ನೀರನ್ನು ತುಮಕೂರಿನ ಕಡೆಗೆ ಒಯ್ಯುವ ಬಾಗೂರು–ನವಿಲೆ ಸುರಂಗ. ನನಗೆ ನೆನಪಾಗುವುದು ಆ ಊರಿನ ಒಂದು ಸಣ್ಣ ಹೋಟೆಲು, ಅದರ ಎರಡು ಬೆಂಚು ಮತ್ತು ಅಲ್ಲಿ ಒಂದು ಸಂಜೆ ನಡೆದ ಮಾತು.

ಜೊತೆಗಿದ್ದವನು ನನ್ನ ಅಕ್ಕನ ಮಗ. ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ ಕೆಲಸದಲ್ಲಿದ್ದಾನೆ. ರಜೆಯಲ್ಲಿ ಊರಿಗೆ ಬಂದಿದ್ದ. ಟೀ ಕುಡಿಯುತ್ತ ಅಲ್ಲಿನ ಹೋಟೆಲುಗಳ ಸಂಗತಿ ತೆಗೆದ. “ಮಾವ, ನಮ್ಮ ಬೀದಿಯಲ್ಲಿ ಒಂದು ಸಣ್ಣ ಹೋಟೆಲಿದೆ. ಗಂಡ ಹೆಂಡತಿ ಇಬ್ಬರೇ ನಡೆಸುತ್ತಾರೆ. ಊಟ ಅವರದು, ದ್ರಾಕ್ಷಿಯ ಮದ್ಯ ಮಾತ್ರ ನಮ್ಮದು. ಸೀಸೆಯನ್ನು ನಾವೇ ಅಂಗಡಿಯಿಂದ ಕೊಂಡು ಕಂಕುಳಲ್ಲಿಟ್ಟುಕೊಂಡು ಹೋಗಬೇಕು. ಅವರು ಬಿರಡೆ ತೆಗೆದು ಗಾಜಿನ ಲೋಟ ಕೊಡುತ್ತಾರೆ. ಅದಕ್ಕೊಂದಿಷ್ಟು ಕೂಲಿ ಹಾಕಿದರೆ ಹಾಕಿದರು, ಇಲ್ಲದಿದ್ದರೆ ಇಲ್ಲ.”

ಎದುರು ಬೆಂಚಿನ ಮೇಲೆ ಕುಳಿತಿದ್ದ ಹಿರಿಯರೊಬ್ಬರು ಇದನ್ನು ಕೇಳಿ, “ಇದ್ಯಾವ ಹೊಸ ಸಂಗ್ತಿ ಸ್ವಾಮಿ? ನಮ್ಮಪ್ಪ ಕೊಬ್ರಿ ಗಾಡಿ ಹೊಡ್ಕೊಂಡು ತಿಪಟೂರಿಗೆ ಹೋಗೋವಾಗ ಅಕ್ಕಿ, ಬೇಳೆ, ಖಾರದ ಪುಡಿ ಎಲ್ಲಾ ಕಟ್ಕೊಂಡೇ ಹೋಗೋರು. ಇಳ್ಕೊಂಡ ಮನೆಯೋರ್ದು ಬರೀ ಒಲೆ” ಎಂದರು. ಬಾಗಿಲ ಬಳಿ ಟೀ ಲೋಟ ಹಿಡಿದು ನಿಂತಿದ್ದ ಇನ್ನೊಬ್ಬ ಮುದುಕರು ನಗುತ್ತಲೇ ಹೇಳಿದರು: “ನೀವು ಅಕ್ಕಿ ತಗೊಂಡ್ ಹೋದ್ರಿ ಗೌಡ್ರೆ. ನಾವು ಚಿಪ್ಪು ತಗೊಂಡ್ ಹೋದ್ವಿ.” ಎಲ್ಲರೂ ನಕ್ಕೆವು. ಆಮೇಲೆ ಆ ಮಾತಿನ ಅರ್ಥ ಹೊಳೆದು ನಗು ನಿಂತಿತು.

ಊಟದ ಮನೆಗೆ ಹೋಗುವವನು ಕೈಯಲ್ಲಿ ಏನು ಹಿಡಿದುಕೊಂಡು ಹೋಗುತ್ತಾನೆ? ಇದು ಸಣ್ಣ ಪ್ರಶ್ನೆಯಂತೆ ತೋರುತ್ತದೆ. ಆದರೆ ಒಂದು ಸಮಾಜದಲ್ಲಿ ಯಾರು ಯಾರನ್ನು ನಂಬುತ್ತಾರೆ, ಯಾರು ಯಾರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ ಎಂಬುದರ ಚರಿತ್ರೆಯೆಲ್ಲ ಈ ಪ್ರಶ್ನೆಯಲ್ಲಿ ಅಡಗಿದೆ. ಆ ಸಂಜೆ ಬೆಂಚಿನ ಮೇಲೆ ಬಂದ ಮೂರು ವಸ್ತುಗಳನ್ನು, ಅಂದರೆ ಬುತ್ತಿ, ಚಿಪ್ಪು ಮತ್ತು ಸೀಸೆಗಳನ್ನು, ಒಂದೊಂದಾಗಿ ಬಿಚ್ಚಿ ನೋಡೋಣ.

ಮೊದಲು ಬುತ್ತಿ. ನಮ್ಮ ದೇಶದಲ್ಲಿ ಅನ್ನವನ್ನು ಇಕ್ಕುವುದು ಪುಣ್ಯ, ಮಾರುವುದು ಹೀನ ಎಂಬ ಭಾವನೆ ಬಹಳ ಹಳೆಯದು. ಮನುಸ್ಮೃತಿಯ ಹತ್ತನೆಯ ಅಧ್ಯಾಯದಲ್ಲಿ, ಕಷ್ಟಕಾಲದಲ್ಲಿ ವ್ಯಾಪಾರಕ್ಕೆ ಇಳಿದ ಬ್ರಾಹ್ಮಣನು ಮಾರಬಾರದ ಪದಾರ್ಥಗಳ ಪಟ್ಟಿಯಿದೆ. ಬೇಯಿಸಿದ ಅನ್ನ ಅದರಲ್ಲಿ ಸೇರಿದೆ. ದಾರಿಹೋಕನಿಗೆ ನೀರು ಕೊಡಲು ಅರವಟ್ಟಿಗೆ ಇತ್ತು, ಅನ್ನ ಕೊಡಲು ಸತ್ರವಿತ್ತು. ಬಾಗೂರು ಇರುವ ತಾಲ್ಲೂಕಿನಲ್ಲಿಯೇ ಇರುವ ಶ್ರವಣಬೆಳಗೊಳದ ಬಂಡೆಗಳ ಮೇಲೆ, ಮುನಿಗಳ ಆಹಾರದಾನಕ್ಕೆಂದು ಭೂಮಿ ಬಿಟ್ಟವರ, ಹಣ ಇಟ್ಟವರ ಹೆಸರುಗಳನ್ನು ಇಂದಿಗೂ ಓದಬಹುದು. ಕೊಟ್ಟವರ ಹೆಸರು ಕಲ್ಲಿನ ಮೇಲೆ ನಿಂತಿತು; ಅನ್ನವನ್ನು ಮಾರಿದವರ ಹೆಸರನ್ನು ಕಲ್ಲಿನ ಮೇಲೆ ಕೊರೆಯಿಸುವ ಕಾಲ ಅದಲ್ಲ.

ಆದರೆ ದಾನದ ಅನ್ನವನ್ನೂ ಎಲ್ಲರೂ ಎಲ್ಲರ ಕೈಯಿಂದ ಉಣ್ಣುತ್ತಿರಲಿಲ್ಲ. ಬೇಯಿಸಿದವರು ಯಾರು, ನೀರು ಸೇದಿದವರು ಯಾರು ಎಂಬ ಶಂಕೆ ಅನ್ನದ ಜೊತೆಗೇ ಬರುತ್ತಿತ್ತು. ಈ ಶಂಕೆಗೆ ನಮ್ಮ ಹಿರಿಯರು ಕಂಡುಕೊಂಡ ಪರಿಹಾರ ಸ್ವಯಂಪಾಕ. ಹಸಿ ಪದಾರ್ಥಕ್ಕೆ ಮೈಲಿಗೆ ಕಡಿಮೆ. ನೀರು, ಬೆಂಕಿ ಸೋಕಿದ ಮೇಲೆಯೇ ಅಕ್ಕಿಗೆ ಜಾತಿ ಹುಟ್ಟುವುದು. ಆದ್ದರಿಂದ ಸತ್ರಗಳಲ್ಲಿ ಊಟ ಬೇಡವೆಂದವರಿಗೆ ಪಡಿ ಕೊಡುವ ಪದ್ಧತಿ ಬೆಳೆಯಿತು. ಅಕ್ಕಿ, ಬೇಳೆ, ಸೌದೆ ತೆಗೆದುಕೊಂಡು ಪ್ರಯಾಣಿಕ ಮೂಲೆಯಲ್ಲಿ ಮೂರು ಕಲ್ಲು ಹೂಡಿ ತಾನೇ ಬೇಯಿಸಿಕೊಳ್ಳುತ್ತಿದ್ದ. ದೂರ ಹೋಗುವವರು ಮನೆಯಿಂದಲೇ ರಾಗಿ ರೊಟ್ಟಿ, ಹುರಿಹಿಟ್ಟು, ಬೆಲ್ಲ ಕಟ್ಟಿಕೊಳ್ಳುತ್ತಿದ್ದರು. ಬೆಳಗೊಳಕ್ಕೆ ಬರುವ ಜೈನ ಯಾತ್ರಿಕರಿಗಂತೂ ಸೂರ್ಯಾಸ್ತಕ್ಕೆ ಮುಂಚೆ ಉಣ್ಣಬೇಕು, ನೀರನ್ನು ಬಟ್ಟೆಯಲ್ಲಿ ಸೋಸಬೇಕು ಎಂಬ ನಿಯಮಗಳಿರುವುದರಿಂದ, ಸ್ವಂತ ಅಡುಗೆ ಅವರಿಗೆ ವ್ರತದ ಭಾಗವೇ ಆಗಿತ್ತು.

ಬುತ್ತಿಯ ಬಗ್ಗೆ ನಮಗೆಲ್ಲ ಒಂದು ಮಮತೆಯುಂಟು. ಕೆರೆಯ ಏರಿಯ ಮೇಲೆ ಕುಳಿತು ಬಿಚ್ಚಿದ ಮೊಸರನ್ನದ ನೆನಪು ಯಾರಿಗೆ ಸಿಹಿಯಲ್ಲ? ಆದರೆ ಆ ಮಮತೆಯಲ್ಲಿ ಒಂದು ಸತ್ಯವನ್ನು ಮರೆಯಬಾರದು. ಬುತ್ತಿ ಕಟ್ಟಿದ ಕೈಯಲ್ಲಿ ಪ್ರೀತಿಯಿತ್ತು, ಕಟ್ಟಬೇಕಾದ ಕಾರಣದಲ್ಲಿ ಅಪನಂಬಿಕೆಯಿತ್ತು.

ಈ ಅಪನಂಬಿಕೆಯ ಮೇಲೆ ಮೊದಲ ಪೆಟ್ಟು ಕೊಟ್ಟದ್ದು ರೈಲು, ಎರಡನೆಯದನ್ನು ಕೊಟ್ಟದ್ದು ಕಚೇರಿ. ರೈಲಿನಲ್ಲಿ ಮೂರು ಕಲ್ಲು ಹೂಡುವುದು ಸಾಧ್ಯವಿಲ್ಲ; ಕಚೇರಿಯ ಗುಮಾಸ್ತನಿಗೆ ಹತ್ತು ಗಂಟೆಯೊಳಗೆ ಊಟವಾಗಬೇಕು. ಪಟ್ಟಣಗಳಲ್ಲಿ ಊಟದ ಮನೆಗಳು, ಕಾಫಿ ಕ್ಲಬ್ಬುಗಳು ತಲೆಯೆತ್ತಿದವು. ಶಾಸ್ತ್ರ ಯಾರಿಗೆ ಅನ್ನ ಮಾರಬೇಡವೆಂದಿತ್ತೋ ಆ ಜಾತಿಯವರೇ ಮುಂದೆ ನಿಂತು ಅನ್ನ ಮಾರಿದ್ದು ಇತಿಹಾಸದ ವಿನೋದ. ಕಾರಣ ಸ್ಪಷ್ಟ. ಅವರು ಬೇಯಿಸಿದ್ದನ್ನು ಮಿಕ್ಕವರೆಲ್ಲ ಉಣ್ಣಬಹುದಾಗಿತ್ತು. ಹೋಟೆಲಿನ ಬೋರ್ಡಿನ ಮೇಲಿದ್ದ ಜಾತಿಯ ಹೆಸರು ಅಡುಗೆಗೆ ಕೊಟ್ಟ ಖಾತರಿಯ ಮುದ್ರೆಯಾಗಿತ್ತು. ಬೆಂಗಳೂರಿನಲ್ಲಿ 1924ರಲ್ಲಿ ದಕ್ಷಿಣ ಕನ್ನಡದ ಮಯ್ಯ ಸೋದರರು ತೆರೆದ ಹೋಟೆಲಿನ ಮೊದಲ ಹೆಸರು ‘ಬ್ರಾಹ್ಮಣ ಕಾಫಿ ಕ್ಲಬ್’. 1960ರಲ್ಲಿ ಅದು ‘ಮಾವಳ್ಳಿ ಟಿಫಿನ್ ರೂಮ್ಸ್’ ಆಯಿತು. ಸೋದರರಲ್ಲಿ ಒಬ್ಬರಾದ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ ಅಲ್ಲಿಯ ಹೋಟೆಲುಗಳನ್ನು ನೋಡಿಬಂದು, ಶುಚಿತ್ವಕ್ಕೆ ಹೊಸ ಶಿಸ್ತು ತಂದರು. ಗಿರಾಕಿಗಳು ಅಡುಗೆಮನೆಯನ್ನು ತಾವೇ ಕಣ್ಣಾರೆ ನೋಡಿಕೊಂಡು ಹೋಗಬಹುದಾಗಿತ್ತು. ಈ ಎರಡು ಹೆಸರುಗಳ ನಡುವಿನ ಮೂವತ್ತಾರು ವರ್ಷಗಳಲ್ಲಿ ನಡೆದದ್ದು ಒಂದು ಹೋಟೆಲಿನ ಬದಲಾವಣೆಯಷ್ಟೇ ಅಲ್ಲ. ಜಾತಿಯ ಹೆಸರು ಕೊಡುತ್ತಿದ್ದ ಭರವಸೆಯನ್ನು ಕುದಿಯುವ ನೀರೂ ತೆರೆದ ಬಾಗಿಲೂ ಕೊಡತೊಡಗಿದವು.

ಮಾಂಸದ ಊಟಕ್ಕೆ ಬೇರೆ ಮನೆಗಳು ಹುಟ್ಟಿದವು. ಹಳೆಯ ಮೈಸೂರು ಸೀಮೆಯಲ್ಲಿ ಇವಕ್ಕೆ ಮಿಲಿಟರಿ ಹೋಟೆಲೆಂದು ಹೆಸರು. ದಂಡಿನ ಸಿಪಾಯಿಗಳಿಗೆ ಮಾಂಸದಡುಗೆ ಮಾಡಿ ಬಡಿಸುತ್ತಿದ್ದುದರಿಂದ ಈ ಹೆಸರು ಬಂತೆಂದು ಹೇಳುತ್ತಾರೆ. ಮುದ್ದೆ, ಕಾಲುಸೂಪು, ಬಾಳೆಲೆಯ ಮೇಲಿನ ಪಲಾವು, ಇವುಗಳಿಗಾಗಿ ಅಲ್ಲಿಗೆ ಹೋಗುತ್ತಿದ್ದವರಲ್ಲಿ ಮನೆಯಲ್ಲಿ ಮಾಂಸ ಬೇಯಿಸದವರೂ ಇದ್ದರೆಂಬುದು ಎಲ್ಲರಿಗೂ ಗೊತ್ತಿದ್ದ ಗುಟ್ಟು. ಬೆಂಗಳೂರಿನಿಂದ ಹಾಸನದ ಮೇಲೆ ಮಂಗಳೂರಿಗೆ ಹೋಗುವ ಹೆದ್ದಾರಿಯ ಚನ್ನರಾಯಪಟ್ಟಣದಂಥ ಊರುಗಳಲ್ಲಿ ಲಾರಿಯ ಚಾಲಕರೂ ಬಸ್ಸಿನ ಪ್ರಯಾಣಿಕರೂ ಹೋಟೆಲನ್ನು ದಿನಚರಿಯ ಭಾಗ ಮಾಡಿಕೊಂಡರು. ಹಾಗೆ ಬುತ್ತಿಯ ಗಂಟು ಕ್ರಮೇಣ ಸಡಿಲವಾಯಿತು.

ಆದರೆ ಯಾರಿಗೆ? ಇಲ್ಲಿ ಬಾಗಿಲ ಬಳಿ ನಿಂತಿದ್ದ ಮುದುಕರ ಚಿಪ್ಪಿನ ಮಾತು ಬರುತ್ತದೆ.

ತಮ್ಮ ಅನ್ನವನ್ನು ತಾವೇ ಕಟ್ಟಿಕೊಂಡು ಹೋದದ್ದು ಕೆಲವರ ಮಡಿ. ತಮ್ಮ ಪಾತ್ರೆಯನ್ನು ತಾವೇ ತರಬೇಕಾಗಿ ಬಂದದ್ದು ಇನ್ನು ಕೆಲವರ ಮೇಲೆ ಹೇರಿದ ಅವಮಾನ. ಹಳ್ಳಿಯ ಹೋಟೆಲುಗಳಲ್ಲಿ ಅಸ್ಪೃಶ್ಯರೆನಿಸಿಕೊಂಡವರು ಒಳಗೆ ಬರುವಂತಿರಲಿಲ್ಲ. ಅವರು ಹೊರಗೆ ನಿಂತು ತೆಂಗಿನ ಚಿಪ್ಪನ್ನೋ ತಾವೇ ತಂದ ತಗಡಿನ ಲೋಟವನ್ನೋ ಚಾಚಬೇಕು. ಮೇಲಿನಿಂದ ಕಾಫಿ ಹೊಯ್ಯುತ್ತಿದ್ದರು. ಕುಡಿದ ಮೇಲೆ ತೊಳೆದು ಸೂರಿನ ಸಂದಿಯಲ್ಲಿ ಸಿಕ್ಕಿಸಿ ಹೋಗಬೇಕು. ದುಡ್ಡು ಮಾತ್ರ ಎಲ್ಲರದೂ ಒಂದೇ ಗಲ್ಲಕ್ಕೆ ಬೀಳುತ್ತಿತ್ತು. ಪಟ್ಟಣದಲ್ಲಿಯೂ ಪರಿಸ್ಥಿತಿ ಬೇರೆಯಲ್ಲ. ಬ್ರಿಟಿಷರ ಕಾಲದ ರೈಲು ನಿಲ್ದಾಣಗಳಲ್ಲಿ ಹಿಂದೂಗಳ ನೀರು ಬೇರೆ, ಮುಸಲ್ಮಾನರ ನೀರು ಬೇರೆ. ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಒಳಮನೆ, ಇತರರಿಗೆ ಹೊರಮನೆ. ಮದರಾಸಿನಲ್ಲಿ ಹೋಟೆಲಿನ ಬೋರ್ಡಿನ ಮೇಲಿದ್ದ ಜಾತಿಯ ಹೆಸರನ್ನು ತೆಗೆಸುವುದಕ್ಕಾಗಿ 1957ರಲ್ಲಿ ಪೆರಿಯಾರ್ ರಾಮಸ್ವಾಮಿಯವರ ಅನುಯಾಯಿಗಳು ಚಳವಳಿಯನ್ನೇ ಹೂಡಬೇಕಾಯಿತು.

1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ ಹದಿನೇಳನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡಿತು. ಅದಕ್ಕೂ ಮೊದಲು ಬರುವ ಹದಿನೈದನೆಯ ವಿಧಿಯಲ್ಲಿ ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲುಗಳ ಹೆಸರನ್ನೇ ಎತ್ತಿ, ಧರ್ಮ, ಜಾತಿ, ಲಿಂಗಗಳ ಕಾರಣದಿಂದ ಯಾರಿಗೂ ಅಲ್ಲಿ ಪ್ರವೇಶ ತಡೆಯಬಾರದೆಂದು ಹೇಳಿದೆ. ರಾಷ್ಟ್ರದ ಮೂಲ ಶಾಸನದಲ್ಲಿ ಹೋಟೆಲಿಗೆ ಏನು ಕೆಲಸ ಎಂದು ಯಾರಾದರೂ ಹುಬ್ಬೇರಿಸಿಯಾರು. ಚಿಪ್ಪು ಹಿಡಿದು ನಿಂತವರಿಗೆ ಆ ಸಂದೇಹ ಬರಲಾರದು. 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಬಂದಿತು. 1976ರಲ್ಲಿ ಅದನ್ನು ಬಿಗಿಗೊಳಿಸಿ ನಾಗರಿಕ ಹಕ್ಕುಗಳ ರಕ್ಷಣಾ ಕಾಯಿದೆಯೆಂದು ಕರೆದರು. ಚಿಪ್ಪು ಸೂರಿನಿಂದ ಇಳಿಯಿತು. ಆದರೂ ಜೋಡಿ ಲೋಟದ ಪದ್ಧತಿ ಅಲ್ಲಲ್ಲಿ ಉಳಿದಿತ್ತೆಂಬ ವರದಿಗಳು ಕಾಯಿದೆಯ ನಂತರವೂ ಬರುತ್ತಲೇ ಇದ್ದವು. ಶಾಲೆಯಲ್ಲಿ ದಲಿತ ಹೆಂಗಸು ಬಿಸಿಯೂಟ ಬೇಯಿಸಿದಳೆಂದು ಮಕ್ಕಳ ಕೈಗೆ ಮನೆಯಿಂದ ಡಬ್ಬಿ ಕೊಟ್ಟು ಕಳಿಸಿದ ಸುದ್ದಿಯನ್ನು ಈ ಶತಮಾನದಲ್ಲಿಯೂ ನಾವು ಓದಿದ್ದೇವೆ. ಆ ಡಬ್ಬಿ ಹಳೆಯ ಬುತ್ತಿಯ ಮೊಮ್ಮಗ. ಮೇಲುನೋಟಕ್ಕೆ ಮುಗ್ಧ, ಬಿಚ್ಚಿದರೆ ಒಳಗೆ ಅದೇ ಶಂಕೆ.

ಇನ್ನು ಸೀಸೆ. ನಮ್ಮಲ್ಲಿ ಮದ್ಯವೇ ಇರಲಿಲ್ಲವೆಂದು ಯಾರೂ ಭ್ರಮಿಸಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯ ಎಂಬವರಿದ್ದರು. ಅವರ ಹೆಸರೇ ಅವರ ಕಸುಬನ್ನು ಹೇಳುತ್ತದೆ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಅಪ್ಪಣೆಯಂತೆ ಮೈಸೂರು ಸೀಮೆಯನ್ನು ಸುತ್ತಲು ಹೊರಟ ಫ್ರಾನ್ಸಿಸ್ ಬುಕಾನನ್, ತಾನು ಕಂಡ ಜಾತಿಗಳನ್ನು ವರ್ಣಿಸುವಾಗ ಅವರು ಮಾಂಸ ತಿನ್ನುವರೇ, ಮದ್ಯ ಕುಡಿಯುವರೇ ಎಂಬುದನ್ನು ಮತ್ತೆ ಮತ್ತೆ ಗುರುತುಮಾಡಿಕೊಂಡ. 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾದ ಆ ಪ್ರವಾಸಕಥನವನ್ನು ಓದಿದರೆ, ನಮ್ಮ ಜನರನ್ನು ವಿಂಗಡಿಸಲು ಊಟ ಮತ್ತು ಕುಡಿತಗಳು ಎಷ್ಟು ಖಚಿತವಾದ ಅಳತೆಗೋಲಾಗಿದ್ದವೆಂಬುದು ತಿಳಿಯುತ್ತದೆ.

ಬಯಲು ಸೀಮೆಯಲ್ಲಿ ಸಾಮಾನ್ಯರ ಮದ್ಯವೆಂದರೆ ಈಚಲ ಹೆಂಡ, ಆಮೇಲೆ ಸಾರಾಯಿ. ಅಬ್ಕಾರಿ ಗುತ್ತಿಗೆಯನ್ನು ಸರ್ಕಾರ ಹರಾಜು ಹಾಕುತ್ತಿತ್ತು. ಅದು ಬೊಕ್ಕಸಕ್ಕೆ ದೊಡ್ಡ ಆದಾಯ. ಹೆಂಡದಂಗಡಿ ಊರ ಹೊರಗಿರುತ್ತಿತ್ತು. ಅಲ್ಲಿ ಕುಡಿಯಲು ಸಿಗುತ್ತಿತ್ತೇ ಹೊರತು ಊಟ ಸಿಗುತ್ತಿರಲಿಲ್ಲ. ನೆಂಚಿಕೊಳ್ಳಲು ಬೇಕಾದದ್ದನ್ನು ಹೊರಗೆ ಬುಟ್ಟಿಯಿಟ್ಟು ಕುಳಿತವರಿಂದ ಕೊಳ್ಳಬೇಕು, ಇಲ್ಲವೇ ಮನೆಯಿಂದ ತರಬೇಕು. ಮೆಲ್ಬರ್ನಿನಲ್ಲಿ ಊಟ ಮನೆಯವರದು, ಮದ್ಯ ಬಂದವನದು. ನಮ್ಮ ಹೆಂಡದಂಗಡಿಯಲ್ಲಿ ಮದ್ಯ ಅಂಗಡಿಯದು, ತಿನಿಸು ಬಂದವನದು! ಈ ಅಂಗಡಿಯ ಗಿರಾಕಿಯನ್ನು, ತಾವು ಹೆಂಡ ಮುಟ್ಟದ ಜಿ. ಪಿ. ರಾಜರತ್ನಂ ಅವರು ರತ್ನನನ್ನಾಗಿ ಮಾಡಿ ಕನ್ನಡ ಕಾವ್ಯದೊಳಕ್ಕೆ ಕರೆತಂದರು. ಕಾವ್ಯ ಅವನನ್ನು ಒಳಗೆ ಕರೆಯಿತು. ಊಟದ ಮನೆ ಕರೆಯಲಿಲ್ಲ. ನಮ್ಮಲ್ಲಿ ಊಟದ ಪಂಕ್ತಿ ಮತ್ತು ಕುಡಿತದ ಗುಂಪು ಬೇರೆ ಬೇರೆಯಾಗಿಯೇ ಉಳಿದವು. ಊಟ ಸಂಸಾರದ್ದು, ಕುಡಿತ ಗಂಡಸರದ್ದು. ಊಟ ಬೆಳಕಿನಲ್ಲಿ, ಕುಡಿತ ಕತ್ತಲಲ್ಲಿ.

ಮೈಸೂರಿನಲ್ಲಿ 1948ರಲ್ಲಿ ಪಾನನಿರೋಧದ ಕಾಯಿದೆ ಬಂದಿತು. ಗಾಂಧೀಜಿಯವರ ಆದರ್ಶ ಅದರ ಹಿಂದಿತ್ತು. ಕೂಲಿಯ ದುಡ್ಡು ಮನೆ ಸೇರಲಿ ಎಂಬ ಹೆಂಗಸರ ಮೊರೆಯೂ ಇತ್ತು. ಆದರೆ ಅಂಗಡಿ ಮುಚ್ಚಿದ ಕಡೆ ಕಳ್ಳಭಟ್ಟಿ ಹುಟ್ಟಿತು, ಬೊಕ್ಕಸ ಸೊರಗಿತು. 1967ರಲ್ಲಿ ನಿರೋಧವನ್ನು ತೆಗೆದರು. ಸಾರಾಯಿಯನ್ನು 2007ರ ಜುಲೈ ತಿಂಗಳಿನಿಂದ ರಾಜ್ಯದಲ್ಲೆಲ್ಲ ನಿಷೇಧಿಸಲಾಯಿತು. ಮದ್ಯದಂಗಡಿಗಳು ಹೆದ್ದಾರಿಯಿಂದ ದೂರವಿರಬೇಕೆಂದು ಸುಪ್ರೀಂ ಕೋರ್ಟು 2016ರ ಡಿಸೆಂಬರಿನಲ್ಲಿ ಆಜ್ಞೆ ಮಾಡಿತು. ಇಷ್ಟೆಲ್ಲ ಏರಿಳಿತಗಳ ನಡುವೆ ಒಂದು ನಿಯಮ ಮಾತ್ರ ಗಟ್ಟಿಯಾಗಿ ನಿಂತಿದೆ. ಸೀಲು ಮಾಡಿದ ಸೀಸೆ ಮಾರುವ ಚಿಲ್ಲರೆ ಅಂಗಡಿಯಲ್ಲಿ ಕುಳಿತು ಕುಡಿಯುವಂತಿಲ್ಲ. ಸನ್ನದಿಲ್ಲದ ಊಟದ ಹೋಟೆಲಿನಲ್ಲಿ, ಸೀಸೆ ಗಿರಾಕಿಯದೇ ಆದರೂ, ಕುಡಿಯಲು ಬಿಡುವಂತಿಲ್ಲ. ಹೀಗಾಗಿ ನನ್ನ ಅಳಿಯ ಹೇಳಿದ ಬಗೆಯ ಹೋಟೆಲಿಗೆ ನಮ್ಮಲ್ಲಿ ಕಾಯಿದೆಯ ಆಸರೆಯಿಲ್ಲ. ರಸ್ತೆಯ ಬದಿಯ ಹೋಟೆಲುಗಳಲ್ಲಿ ಮೇಜಿನ ಕೆಳಗೆ ಸೀಸೆ ಮರೆಮಾಡಿ, ಉಕ್ಕಿನ ಲೋಟದಲ್ಲಿ ಕುಡಿಯುವವರು ಇದ್ದಾರೆ, ನಿಜ. ಅದು ಕಳ್ಳತನದ ಕುಡಿತ. ಅಲ್ಲಿಗೆ ಯಾರೂ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗುವುದಿಲ್ಲ.

ಹಾಗಾದರೆ ಆ ಪದ್ಧತಿ ಅಲ್ಲಿ ಹೇಗೆ ಬೆಳೆಯಿತು? ಅದೂ ಕಾಯಿದೆಯ ಕೂಸೇ. ಮೊದಲ ಮಹಾಯುದ್ಧದ ಕಾಲದಲ್ಲಿ, 1916ರಲ್ಲಿ, ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ಸಂಜೆ ಆರು ಗಂಟೆಗೆ ಪಾನಗೃಹಗಳನ್ನು ಮುಚ್ಚಬೇಕೆಂಬ ನಿಯಮ ಬಂದಿತು. ಯುದ್ಧ ಮುಗಿದರೂ ನಿಯಮ ಮುಗಿಯಲಿಲ್ಲ. ಐವತ್ತು ವರ್ಷ ನಡೆದು 1966ರಲ್ಲಿ ಕೊನೆಗೊಂಡಿತು. ಎರಡನೆಯ ಮಹಾಯುದ್ಧದ ನಂತರ ಇಟಲಿ, ಗ್ರೀಸ್ ದೇಶಗಳಿಂದ ವಲಸೆ ಬಂದವರು ಅಲ್ಲಿ ಸಣ್ಣ ಊಟದ ಮನೆಗಳನ್ನು ತೆರೆದರು. ಅವರಿಗೆ ಊಟವೆಂದರೆ ದ್ರಾಕ್ಷಿಯ ಮದ್ಯವೂ ಸೇರಿದ್ದು. ನಮಗೆ ಊಟವೆಂದರೆ ಮಜ್ಜಿಗೆಯೂ ಸೇರಿದಂತೆ. ಆದರೆ ಮದ್ಯ ಮಾರುವ ಸನ್ನದು ಬಡ ಸಂಸಾರಗಳ ಕೈಗೆಟುಕುವಂಥದಲ್ಲ. ‘ನಾವು ಮಾರುವುದಿಲ್ಲ, ನೀವೇ ತನ್ನಿ’ ಎಂಬುದು ಅವರ ಉಪಾಯವಾಯಿತು. ಕ್ರಮೇಣ ಕಾಯಿದೆಯೇ ಅದಕ್ಕೆ ಜಾಗ ಮಾಡಿಕೊಟ್ಟಿತು. ನೆರೆಯ ನ್ಯೂಜಿಲೆಂಡಿನಲ್ಲಿಯೂ ಆರು ಗಂಟೆಯ ನಿಯಮ 1967ರವರೆಗೆ ಇತ್ತು. 1976ರಲ್ಲಿ ಗಿರಾಕಿ ತಂದ ಮದ್ಯಕ್ಕೆ ಅನುಮತಿ ಕೊಡುವ ಪ್ರತ್ಯೇಕ ಸನ್ನದೇ ಬಂದಿತು. ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಸನ್ನದುಗಳ ಸಂಖ್ಯೆಗೆ ಮಿತಿಯಿದ್ದು ಬೆಲೆ ಮೇಲೇರಿದ್ದರಿಂದ, ಸಣ್ಣ ಹೋಟೆಲಿನವರು ಇದೇ ದಾರಿ ಹಿಡಿದರು. ಕೆನಡಾದ ಮಾಂಟ್ರಿಯಲ್ ನಗರದಲ್ಲಿಯೂ ‘ನಿಮ್ಮ ಮದ್ಯ ನೀವೇ ತನ್ನಿ’ ಎಂದು ಫ್ರೆಂಚಿನಲ್ಲಿ ಬರೆದ ಬೋರ್ಡುಗಳನ್ನು ಕಾಣಬಹುದು.

ಇದರಿಂದ ಆದ ಲಾಭ ಇಬ್ಬರಿಗೂ ಉಂಟು. ಹೋಟೆಲಿನವನು ದುಬಾರಿ ಸನ್ನದು ಕೊಳ್ಳಬೇಕಾಗಿಲ್ಲ, ಸೀಸೆಗಳನ್ನು ತಂದಿಟ್ಟು ದುಡ್ಡು ಹೂಡಬೇಕಾಗಿಲ್ಲ. ಅಡುಗೆಯ ಕೈಗುಣವೊಂದೇ ಬಂಡವಾಳ. ಗಿರಾಕಿಗೆ ಅಂಗಡಿಯ ಬೆಲೆಗೇ ಸೀಸೆ ಸಿಗುತ್ತದೆ. ಸಾಧಾರಣ ಸಂಬಳದವನೂ ಸಂಸಾರಸಮೇತ ಹೊರಗೆ ಊಟ ಮಾಡಬಹುದು. ಸೀಸೆ ಮೇಜಿನ ಮೇಲೆ ಬೆಳಕಿನಲ್ಲಿ ನಿಂತಿರುವುದರಿಂದ, ಎಷ್ಟು ಕುಡಿದೆವೆಂಬುದಕ್ಕೆ ಹೆಂಡತಿಯೇ ಸಾಕ್ಷಿ. ಸೀಸೆ ಮುಗಿದರೆ ಅಲ್ಲಿ ಇನ್ನೊಂದನ್ನು ಮಾರುವವರಿಲ್ಲ!

ನಾನು ಮದ್ಯದ ಪರವಾಗಿ ವಕಾಲತ್ತು ಹೂಡಿಲ್ಲ. ಕುಡಿತದಿಂದ ಹಾಳಾದ ಮನೆಗಳನ್ನು ನಮ್ಮ ಹಳ್ಳಿಗಳಲ್ಲಿ ಕಂಡವರಾರೂ ಅದನ್ನು ಮಾಡಲಾರರು. ನಾನು ತೂಗಿ ನೋಡುತ್ತಿರುವುದು ಸೀಸೆಯನ್ನಲ್ಲ, ಅದನ್ನು ಹಿಡಿದ ಕೈಯನ್ನು. ಮೆಲ್ಬರ್ನಿನ ಗಿರಾಕಿ ಸೀಸೆ ಹಿಡಿದು ಹೋಗುವುದು ಅಡುಗೆಯವನ ಮೇಲಿನ ಶಂಕೆಯಿಂದಲ್ಲ. ಅವನ ಅನ್ನವನ್ನು ಪೂರ್ತಿ ನಂಬಿಯೇ ಹೋಗುತ್ತಾನೆ. ಅಡುಗೆಯವನು ಸೀಸೆ ತರಹೇಳುವುದು ಗಿರಾಕಿಯನ್ನು ದೂರವಿಡಲು ಅಲ್ಲ, ಹತ್ತಿರ ಕರೆಯಲು. ನಮ್ಮ ಬುತ್ತಿಯಲ್ಲಿ ಉಣ್ಣುವವನಿಗೆ ನಂಬಿಕೆಯಿರಲಿಲ್ಲ, ಚಿಪ್ಪಿನಲ್ಲಿ ಇಕ್ಕುವವನಿಗೆ ಮನಸ್ಸಿರಲಿಲ್ಲ. ಹೊರೆ ಹೊತ್ತು ಊಟಕ್ಕೆ ಹೋಗುವುದು ಮೂರು ಕಡೆಯೂ ಒಂದೇ; ಹೊರೆಯನ್ನು ಹೊರಿಸಿದವರು ಯಾರು ಎಂಬುದರಲ್ಲಿ ವ್ಯತ್ಯಾಸವಿದೆ.

ಇಷ್ಟನ್ನು ಯೋಚಿಸಿದಾಗ ನಮ್ಮ ಸಾಧಾರಣ ಹೋಟೆಲಿನ ಮೇಲೆ ನನಗೆ ಗೌರವ ಹೆಚ್ಚುತ್ತದೆ. ಅದರ ಇಡ್ಲಿ ಗಟ್ಟಿಯಿರಬಹುದು, ಸಾಂಬಾರು ನೀರಾಗಿರಬಹುದು. ಆದರೆ ಯಾರೇ ಆಗಲಿ ಬರಿಗೈಯಲ್ಲಿ ಒಳಗೆ ಹೋಗಿ, ಯಾರ ಪಕ್ಕದಲ್ಲೇ ಆಗಲಿ ಕುಳಿತು, ಯಾರೋ ತೊಳೆದ ಲೋಟದಲ್ಲಿ ಕಾಫಿ ಕುಡಿದು ಬರಬಹುದು. ಬೆಂಗಳೂರಿನಲ್ಲಿ 2017ರಲ್ಲಿ ಸರ್ಕಾರ ಇಂದಿರಾ ಕ್ಯಾಂಟೀನುಗಳನ್ನು ತೆರೆದು ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ ಕೊಡತೊಡಗಿದಾಗ, ಸಾಲಿನಲ್ಲಿ ನಿಂತವರಲ್ಲಿ ಬೇಯಿಸಿದವರ ಜಾತಿ ಕೇಳಿದವರನ್ನು ನಾನು ಕಾಣಲಿಲ್ಲ. ಇದು ತಾನಾಗಿ ಬಂದ ಭಾಗ್ಯವಲ್ಲ. ರೈಲು, ಕಾಯಿದೆ, ಚಳವಳಿ, ಹಸಿವು, ಹೋಟೆಲು ಮಾಣಿಯ ಬೆವರು, ಇವೆಲ್ಲ ಸೇರಿ ನೂರು ವರ್ಷಗಳಲ್ಲಿ ಗಳಿಸಿದ ಆಸ್ತಿ. ಗಳಿಸಿದ್ದನ್ನು ಕಳೆದುಕೊಳ್ಳಲು ಒಂದು ಡಬ್ಬಿ ಸಾಕು.

ಬಾಗೂರಿನ ಹೋಟೆಲಿನಲ್ಲಿ ಅಂದು ಕತ್ತಲಾಗುತ್ತ ಬಂದಿತ್ತು. ಬಾಗಿಲ ಬಳಿಯ ಮುದುಕರು ಇನ್ನೂ ನಿಂತೇ ಇದ್ದರು. ಎದುರು ಬೆಂಚಿನ ಗೌಡರು ಸ್ವಲ್ಪ ಸರಿದು, “ಕುಂತ್ಕೊಳ್ಳಯ್ಯ, ಇನ್ನೆಷ್ಟು ಹೊತ್ತು ನಿಂತಿರ್ತೀಯ?” ಎಂದರು. ಅವರು ಬಂದು ಕುಳಿತರು. ನನ್ನ ಅಳಿಯ ಇನ್ನೊಂದು ಸುತ್ತು ಟೀ ಹೇಳಿದ. ಹೋಟೆಲಿನ ಹುಡುಗ ಖಾಲಿ ಲೋಟಗಳನ್ನು ಒಟ್ಟಿಗೆ ಎತ್ತಿಕೊಂಡು ಹೋಗಿ ಒಂದೇ ಬಕೆಟ್ಟಿನಲ್ಲಿ ಅದ್ದಿದ. ಯಾವ ಲೋಟ ಯಾರದೆಂದು ಅವನಿಗೆ ತಿಳಿಯದು. ತಿಳಿಯುವ ಅಗತ್ಯವೂ ಅವನಿಗಿರಲಿಲ್ಲ.